ಕೂಸಿಲ್ಲದ ಬಾಣಂತಿ

ಹಡೆದ ಹೆಂಗಸಿನ ಹೃದಯ ಸೋಲುತ್ತಿದೆ ಎನ್ನುವುದು ಅವಳಿಗೆ ತಿಳಿಯುವ ಮೊದಲೇ ಬೇರೊಬ್ಬರಿಗೆ ತಿಳಿಯುವಂತಿದ್ದರೆ?

ಡಾ. ವಿಮಲಾ ಜಾಲಿಹಾಳ ಹೃದಯವೈದ್ಯೆಯಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಪ್ರಶ್ನೆ ಅವರನ್ನು ಹಿಡಿದುಕೊಂಡಿತು. ಹೆರಿಗೆಯಾಗಿ ಮೂರು ನಾಲ್ಕು ತಿಂಗಳು ಕಳೆದ ಹುಡುಗಿಯರನ್ನು ಆಸ್ಪತ್ರೆಗೆ ಹೊತ್ತು ತರುತ್ತಿದ್ದರು. ಕಾಲು ಬಾತಿರುತ್ತಿತ್ತು. ಅಂಗಾತ ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಯಾವಾಗಿನಿಂದ ಹೀಗೆ ಎಂದು ಕೇಳಿದರೆ ಮನೆಯವರು, "ಬಾಣಂತಿ ಅಲ್ರೀ, ದಣಿವು ಇರೂದ" ಎನ್ನುತ್ತಿದ್ದರು. ಅವರದೇನೂ ತಪ್ಪಿರಲಿಲ್ಲ. ಹೆರಿಗೆಯ ನಂತರ ಕೆಲವೇ ಹೆಂಗಸರಲ್ಲಿ ಹೃದಯದ ಸ್ನಾಯು ಸಡಿಲಾಗುತ್ತದೆ. ಬಾವಿಯಿಂದ ನೀರು ಸೇದುವ ಕೈ ಸೋತಾಗ ಕೊಡ ಅರ್ಧವೇ ತುಂಬಿ ಬರುತ್ತದಲ್ಲ, ಹಾಗೆ ಒಂದೊಂದು ಬಡಿತಕ್ಕೂ ಕಡಿಮೆ ಕಡಿಮೆ ರಕ್ತ ಹೊರಗೆ ಹೋಗುತ್ತದೆ. ಸುಸ್ತು, ಬಾವು, ನಿದ್ದೆಗೇಡು, ಎಲ್ಲವೂ ಬಾಣಂತಿಗೆ ಸಹಜವೆಂದು ಜನ ನಂಬಿದವೇ. ಬೇಗ ಗೊತ್ತಾದರೆ ಮಾತ್ರೆಯಿಂದ ಹತೋಟಿಗೆ ಬರುವ ಕಾಯಿಲೆ. ಆದರೆ ಬೇಗ ಗೊತ್ತಾಗುತ್ತಿರಲಿಲ್ಲ. ಮೇಲಾಗಿ ಸರ್ಕಾರದ ಆರೋಗ್ಯ ವಿಮೆ ಹೆರಿಗೆಯಾಗಿ ಆರು ವಾರಕ್ಕೆ ಮುಗಿದುಹೋಗುತ್ತಿತ್ತು. ಕಾಯಿಲೆಗೆ ಆ ಗಡುವು ಗೊತ್ತಿರಲಿಲ್ಲ.

ವಿಮಲಾ ಮತ್ತು ಅವರ ಗೆಳೆಯರು ಹತ್ತು ವರ್ಷ ಕಷ್ಟಪಟ್ಟು ತೋಳಪಟ್ಟಿಯೊಂದನ್ನು ಮಾಡಿದರು. ರಟ್ಟೆಗೆ ಕಟ್ಟುವ ಮೆತ್ತನೆಯ ಪಟ್ಟಿ. ಸ್ನಾನ ಮಾಡುವಾಗಲೂ ಬಿಚ್ಚಬೇಕಿಲ್ಲ. ಅದು ಚರ್ಮದೊಳಕ್ಕೆ ಬೆಳಕು ಹಾಯಿಸಿ, ಅಲ್ಲಿ ಹಾದುಹೋಗುವ ರಕ್ತದ ಅಲೆಯ ಏರಿಳಿತವನ್ನು ಓದುತ್ತಿತ್ತು. ಒಬ್ಬೊಬ್ಬ ಹೆಂಗಸಿನ ಅಲೆಯೂ ಅವಳ ನಡಿಗೆಯಷ್ಟೇ ಅವಳದೇ. ಮೊದಲ ವಾರದಲ್ಲಿ ಯಂತ್ರ ಆ ನಡಿಗೆಯನ್ನು ಕಲಿಯುತ್ತಿತ್ತು. ಆಮೇಲೆ ಅದು ಎಲ್ಲಿ ತಪ್ಪಿದರೂ ಹಿಡಿಯುತ್ತಿತ್ತು. ಹೃದಯ ಎಷ್ಟು ಬಲವಾಗಿ ರಕ್ತವನ್ನು ಹಿಂಡಿ ಕಳಿಸುತ್ತಿದೆ ಎನ್ನುವುದಕ್ಕೆ ಅವರು ‘ಹಿಡಿತ’ ಎಂದು ಹೆಸರಿಟ್ಟಿದ್ದರು. ಹಿಡಿತ ಸಡಿಲಾಗತೊಡಗಿದರೆ ವಾರಗಳ ಮೊದಲೇ ಸುಳಿವು ಸಿಗುತ್ತಿತ್ತು.

ಆ ಸುಳಿವನ್ನು ಮುಂದಿಟ್ಟುಕೊಂಡೇ ಹೊಸ ಕಾನೂನು ಬಂತು. ಹಡೆದ ತಾಯಿಗೆ ಆರು ವಾರವಲ್ಲ, ಇಡೀ ಒಂದು ವರ್ಷ ವಿಮೆ. ಔಷಧ, ಆಸ್ಪತ್ರೆ, ತೋಳಪಟ್ಟಿ ಎಲ್ಲವೂ ಅದರಲ್ಲೇ. ಯೋಜನೆಯ ಹೆಸರು ‘ತಾಯಿ ಕಾವಲು’. ಬಾಗಲಕೋಟೆಯಲ್ಲಿ ಅದರ ಕೇಂದ್ರ ತೆರೆದಾಗ ವಿಮಲಾ ಬೇರೆ ಕಡೆಯ ದೊಡ್ಡ ಹುದ್ದೆ ಬಿಟ್ಟು ಅಲ್ಲಿಗೆ ಬಂದರು. ಗೋಡೆಯುದ್ದಕ್ಕೂ ಪರದೆಗಳು, ಪರದೆಯ ಮೇಲೆ ಸುತ್ತಲಿನ ತಾಲ್ಲೂಕುಗಳ ಬಾಣಂತಿಯರ ಅಲೆಗಳು. ಅವನ್ನು ನೋಡಿಕೊಳ್ಳುತ್ತಿದ್ದವನು ಇರ್ಫಾನ್ ಮುಲ್ಲಾ. ತೋಳಪಟ್ಟಿಗೆ ಮಾತನ್ನೂ ಕಲಿಸಿದವನು ಅವನೇ. ಧಾರವಾಡದ ಕಡೆಯ ಹೆಣ್ಣುಮಗಳೊಬ್ಬಳ ದನಿಯಲ್ಲಿ ಅದು ದಿನಕ್ಕೊಮ್ಮೆ ಬಾಣಂತಿಯನ್ನು ಮಾತಾಡಿಸುತ್ತಿತ್ತು.

ಮೊದಲ ಎರಡು ವರ್ಷ ಬಾಣಂತಿಯರ ಸಾವು ಇಳಿಯುತ್ತ ಬಂತು. ವಿಮಲಾ ಸಂಜೆ ಮನೆಗೆ ಹೋಗುವ ಮುನ್ನ ಒಂದು ನಿಮಿಷ ಸುಮ್ಮನೆ ನಿಂತು ಆ ಗೋಡೆ ನೋಡುತ್ತಿದ್ದರು.

ಬನಹಟ್ಟಿಯ ನೇಕಾರರ ಓಣಿಯಲ್ಲಿದ್ದ ದಾನೇಶ್ವರಿಯ ಪರಿಚಯ ಅವರಿಗಾದದ್ದು ಮೂರನೆಯ ವರ್ಷ.

ದಾನೇಶ್ವರಿಗೆ ಆಗ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಗಂಡ ಮಹಾಲಿಂಗ ವಿದ್ಯುತ್ ಮಗ್ಗ ನಡೆಸುತ್ತಿದ್ದ. ಬಸುರಿಯಾಗುವವರೆಗೂ ಅವಳು ಅದೇ ಕೋಣೆಯಲ್ಲಿ ಮಗ್ಗದ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು. ತಾಯಿ ಚಿಕ್ಕಂದಿನಲ್ಲೇ ಹೋಗಿದ್ದರಿಂದ ಬಾಣಂತನಕ್ಕೆ ತವರಿಲ್ಲ. ಅತ್ತೆ ನೀಲವ್ವನೇ ಎಲ್ಲ ಮಾಡಿದಳು. ಎಣ್ಣೆ ತಿಕ್ಕಿ ಎರೆದಳು, ಹೊರಸಿನ ಕೆಳಗೆ ಕೆಂಡ ಇಟ್ಟಳು, ಅಳ್ವಿ ಪಾಯಸ ಕುಡಿಸಿದಳು, ಅಂಟಿನುಂಡಿ ಕಟ್ಟಿ ಡಬ್ಬಿ ತುಂಬಿದಳು. ಹೆಣ್ಣು ಕೂಸು. ತೊಟ್ಟಿಲಿಗೆ ಹಾಕಿದ ದಿನ ಇಂಚರ ಎಂದು ಹೆಸರಿಟ್ಟರು.

ಕೂಸಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ತೋಳಪಟ್ಟಿ ಕೇಳಿತು. "ನಿನ್ನೆ ನಿದ್ದಿ ಹೆಂಗಾತ್ರಿ? ತಲಿಗೆ ದಿಂಬು ಎಷ್ಟು ಇಟ್ಕೊಂಡಿದ್ರಿ?"

"ನೋಡ್ರಿ ಅತ್ತಿ, ದಿಂಬಿನ ಲೆಕ್ಕಾನೂ ಬೇಕಂತ ಇದಕ್ಕ," ಎಂದು ದಾನೇಶ್ವರಿ ನಕ್ಕಳು. ಆಮೇಲೆ ಪಟ್ಟಿಗೆ ಹೇಳಿದಳು. "ಎರಡು ಇಟ್ಕೊಂಡಿದ್ದೆ. ಒಂದಿಟ್ರ ಎದಿ ಮ್ಯಾಲೆ ಯಾರೋ ಕುಂತಂಗ ಆಗತೈತಿ."

ಅರ್ಧ ತಾಸಿನಲ್ಲಿ ವಿಮಲಾ ಅದೇ ಪಟ್ಟಿಯ ಮೂಲಕ ಮಾತಾಡಿದರು. ಹಿಡಿತ ಸಡಿಲಾಗತೊಡಗಿದ್ದು ಅವರ ಪರದೆಯಲ್ಲಿ ಹಿಂದಿನ ವಾರದಿಂದಲೇ ಕಾಣುತ್ತಿತ್ತು.

"ದಾನೇಶ್ವರಿ, ನಾ ಡಾಕ್ಟರ್ ವಿಮಲಾ. ಹೆದರಬ್ಯಾಡ. ನಿನ್ನ ಹೃದಯ ಸ್ವಲ್ಪ ದಣದೈತಿ. ನಾಳೆ ಇಲ್ಲಿ ಬಂದು ಒಂದ್ಸಲ ತೋರಿಸ್ಕೊಂಡು ಹೋಗು. ಮಾತ್ರಿ ಕೊಡ್ತೀನಿ, ಒಂದೂ ತಪ್ಪಿಸಬಾರದು."

"ಕೂಸಿಗೆ ಮೊಲಿ ಕೊಡಬಹುದೇನ್ರಿ ಬಾಯಾರ?"

"ಕೊಡಬಹುದು. ಅದಕ್ಕ ಹೊಂದೂವಂಥಾ ಮಾತ್ರಿನ ಕೊಡ್ತೀನಿ."

"ಹಂಗಾದ್ರ ಬರ್ತೀನ್ರಿ," ಎಂದಳು ದಾನೇಶ್ವರಿ, ಅದೊಂದೇ ತನ್ನ ಶರತ್ತು ಎಂಬಂತೆ.

ಮಾತ್ರೆ ಹಿಡಿಯಿತು. ಅಲೆ ಮೆಲ್ಲಗೆ ಮೇಲೇಳತೊಡಗಿತು. ವಿಮಲಾ ವಾರಕ್ಕೆರಡು ಬಾರಿ ಅವಳೊಂದಿಗೆ ಮಾತಾಡುತ್ತಿದ್ದರು. ನಡುವೆ ಕೂಸು ಅಳುವುದೋ ಗುರುಗುಟ್ಟುವುದೋ ಕೇಳಿಸುತ್ತಿತ್ತು. ದಾನೇಶ್ವರಿ ಅದರ ಬಾಯನ್ನು ತೋಳಪಟ್ಟಿಯ ಹತ್ತಿರ ಹಿಡಿದು, "ಬಾಯಾರ ಜೋಡಿ ಮಾತಾಡು, ನಮ್ಮವ್ವನ ಜೀವ ಉಳಿಸೀರಿ ಅನ್ನು" ಎನ್ನುವಳು. ಮದುವೆಯಾಗದ, ಮಕ್ಕಳಿಲ್ಲದ ವಿಮಲಾ ಆ ಉಸಿರನ್ನು ಕೇಳುತ್ತ ಕುಳಿತಾಗ ಇರ್ಫಾನ್ ಬೇರೆಲ್ಲೋ ನೋಡುತ್ತಿದ್ದ.

ಕೂಸಿಗೆ ಐದನೆಯ ತಿಂಗಳು ನಡೆಯುತ್ತಿತ್ತು. ಒಂದು ಮುಂಜಾನೆ ದಾನೇಶ್ವರಿಯ ಅಲೆ ಇದ್ದಕ್ಕಿದ್ದಂತೆ ಓಡತೊಡಗಿತು. ಇರ್ಫಾನ್ ಕೂಗಿದ. "ಮೇಡಂ, ಬನಹಟ್ಟಿ ನೋಡ್ರಿ! ಬಡಿತ ಭಾಳ ಏರೈತಿ."

ವಿಮಲಾ ಕೂಡಲೇ ಪಟ್ಟಿಗೆ ಮಾತಾಡಿದರು. "ದಾನೇಶ್ವರಿ, ಕೂತ್ಕೋ. ಉಸಿರು ಕಟ್ಟಾಕತ್ತೈತೇನು?"

ಆ ಕಡೆಯಿಂದ ಬಂದದ್ದು ಚೀತ್ಕಾರ. "ನನಗಲ್ರೀ, ಕೂಸಿಗೆ! ಮೈ ಬೆಂಕಿ ಆಗೇತ್ರಿ, ಕಣ್ಣು ಮ್ಯಾಲೆ ಮಾಡೇತಿ. ಬಾಯಾರ, ಏನರ ಮಾಡ್ರಿ!"

ಕೇಂದ್ರದಿಂದಲೇ ಆಂಬುಲೆನ್ಸ್ ಹೋಯಿತು. ದಾರಿಯುದ್ದಕ್ಕೂ ವಿಮಲಾ ತಾಯಿಯ ತೋಳಿನಿಂದ ಕೂಸಿನ ಸುದ್ದಿ ಕೇಳುತ್ತಿದ್ದರು. ಏನು ಮಾಡಬೇಕೆಂದು ಒಂದೊಂದಾಗಿ ಹೇಳುತ್ತಿದ್ದರು. ಆಸ್ಪತ್ರೆಯಲ್ಲಿ ಮೆದುಳು ಜ್ವರವೆಂದರು. ಡಾಕ್ಟರರು ಕೈಲಾದದ್ದೆಲ್ಲ ಮಾಡಿದರು. ಮರುದಿನ ಬೆಳಗಾಗುವಷ್ಟರಲ್ಲಿ ಇಂಚರ ಇರಲಿಲ್ಲ.

ಈ ಸುದ್ದಿ ಕೇಂದ್ರಕ್ಕೆ ತಲುಪಿದ್ದು ಬೇರೆಯ ರೀತಿಯಲ್ಲಿ. ಇರ್ಫಾನ್ ನೋಡುತ್ತಿದ್ದಂತೆಯೇ ದಾನೇಶ್ವರಿಯ ಅಲೆ ಅರ್ಧಕ್ಕೆ ನಿಂತು ಪರದೆಯಿಂದ ಅಳಿಸಿಹೋಯಿತು. ಅವಳೇ ಹೋದಳೆಂದುಕೊಂಡ. ವಿಮಲಾ ಓಡಿಬಂದರು. ಅವನು ದಾನೇಶ್ವರಿಯ ಪುಟ ತೆಗೆದ. ಅಲ್ಲಿ ಬರೆದಿತ್ತು: ‘ಶಿಶು ಮರಣ ದಾಖಲಾಗಿದೆ. ತಾಯಿ ಕಾವಲು ಮುಕ್ತಾಯ.’

"ಆಕಿ ಜೀವಂತ ಅದಾಳ್ರಿ ಮೇಡಂ," ಎಂದು ಇರ್ಫಾನ್ ಮೆಲ್ಲಗೆ ಹೇಳಿದ. "ಕೂಸು ಹೋಗೇತಿ. ಅದಕ್ಕ ಆಕಿನೂ ತೆಗದಾರ."

ವಿಮಲಾ ಕಾನೂನಿನ ಪುಸ್ತಕ ತೆಗೆಸಿದರು. ಅದುವರೆಗೆ ಅವರು ಹಿಡಿತದ ಬಗ್ಗೆ, ಮಾತ್ರೆಗಳ ಬಗ್ಗೆ ಇದ್ದ ಭಾಗವನ್ನಷ್ಟೇ ಓದಿದ್ದರು. ಮೊದಲ ಪುಟದಲ್ಲೇ ಒಂದು ಸಾಲಿತ್ತು: ತಾಯಿ ಎಂದರೆ ಒಂದು ವರ್ಷದೊಳಗಿನ, ಜೀವಂತ ಶಿಶುವುಳ್ಳ ಸ್ತ್ರೀ. ಕೂಸಿನ ಸಾವು ದಾಖಲಾದ ಗಳಿಗೆಯಲ್ಲಿ ಯಂತ್ರ ತಾನಾಗಿ ಆ ಸಾಲನ್ನು ಪಾಲಿಸಿತ್ತು. ವಿಮೆ ನಿಂತಿತು, ಔಷಧ ನಿಂತಿತು, ತೋಳಿನ ಬೆಳಕು ಆರಿತು. ಈ ಮೂರು ವರ್ಷಗಳಲ್ಲಿ ಪರದೆಯಿಂದ ಹೀಗೆ ಎಷ್ಟು ಅಲೆಗಳು ಅಳಿಸಿಹೋಗಿದ್ದವೋ! ಸಾವಿರಾರು ಅಲೆಗಳ ನಡುವೆ ಒಂದು ಇಲ್ಲವಾದರೆ ಗಮನಕ್ಕೆ ಬರುತ್ತಿರಲಿಲ್ಲ.

ಬನಹಟ್ಟಿಯಲ್ಲಿ ಗಂಡಸರು ಕೂಸನ್ನು ಮಣ್ಣು ಮಾಡಿ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ಓಣಿಯ ಮಗ್ಗಗಳೆಲ್ಲ ಆ ದಿನ ನಿಂತಿದ್ದವು. ಒಳಗೆ ದಾನೇಶ್ವರಿ ಗೋಡೆಗೊರಗಿ ಕುಳಿತಿದ್ದಳು. ಎದೆ ಹಾಲು ಕಟ್ಟಿ ಕಲ್ಲಾಗಿತ್ತು. ನೀಲವ್ವ ಹಳೆಯ ಸೀರೆಯ ತುಂಡಿನಿಂದ ಬಿಗಿಯಾಗಿ ಕಟ್ಟಿದ್ದರೂ ರವಿಕೆ ತೊಯ್ದಿತ್ತು. ಆಗ ತೋಳಪಟ್ಟಿ ಸಣ್ಣಗೆ ನಡುಗಿ ಮಾತಾಡಿತು. ಅದೇ ಧಾರವಾಡದ ದನಿ, ಅದೇ ಅಕ್ಕರೆ.

"ನೀವು ಈಗ ತಾಯಂದಿರ ಪಟ್ಟಿಯೊಳಗ ಇಲ್ರಿ. ನಮ್ಮ ಸೇವಾ ಇಲ್ಲಿಗೆ ಮುಗೀತ್ರಿ. ತೋಳಪಟ್ಟಿ ಬಿಚ್ಚಿ ಹತ್ತಿರದ ಆರೋಗ್ಯ ಕೇಂದ್ರಕ್ಕ ಕೊಡ್ರಿ."

ಸುತ್ತ ಕುಳಿತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ದಾನೇಶ್ವರಿ ಅಳಲಿಲ್ಲ. ಪಟ್ಟಿಯ ಅಂಚಿಗೆ ಬೆರಳು ಹಾಕಿ ಕಿತ್ತು, ಅತ್ತೆಯ ಕೈಗೆ ಕೊಟ್ಟಳು. ಚರ್ಮದ ಮೇಲೆ ಅದರ ಗುರುತು ಬೆಳ್ಳಗೆ ಉಳಿದಿತ್ತು.

ವಿಮಲಾ ಆ ದಿನವೇ ಬೆಂಗಳೂರಿಗೆ ಫೋನ್ ಮಾಡಿದರು. ಯೋಜನೆಯ ಹಿರಿಯ ಅಧಿಕಾರಿ ಕೆಟ್ಟವರೇನಲ್ಲ, ಪೂರ್ತಿ ಕೇಳಿಸಿಕೊಂಡರು.

"ಪಾಪ, ತುಂಬಾ ಬೇಜಾರಾಗತ್ತೆ ಡಾಕ್ಟ್ರೇ. ಆದ್ರೆ ಯೋಜನೆ ಇರೋದೇ ತಾಯಿ ಮಗು ಇಬ್ರಿಗೂ ಸೇರಿಸಿ ಅಲ್ವಾ? ಮಗು ಇಲ್ದಿರೋ ತಾಯಿ ಅಂತ ನಮ್ಮಲ್ಲಿ ಒಂದು ಕಾಲಮ್ಮೇ ಇಲ್ಲ."

"ಸಾರ್, ಹೃದಯ ಸಡಿಲಾಗೋದು ಹೆರಿಗೆ ಆಗಿದ್ದಕ್ಕೆ. ಕೂಸು ಉಳೀತೋ ಬಿಡ್ತೋ ಅಂತ ಅದು ನೋಡೋದಿಲ್ಲ. ದುಃಖದಾಗ ಇನ್ನೂ ಜಾಸ್ತಿ ಕೆಡತೈತಿ."

"ನೀವು ಹೇಳೋದು ಸರಿ. ಒಂದು ಪ್ರಸ್ತಾವ ಕಳ್ಸಿ. ಮುಂದಿನ ಸಭೆಗೆ ಇಡೋಣ."

"ಅಲ್ಲೀತನಕ ಆಕಿ?"

"ನನ್ನ ಕೈಲಿ ಏನೂ ಇಲ್ಲ ಡಾಕ್ಟ್ರೇ," ಎಂದರು ಅವರು. ದನಿ ಕೇಳಿದರೆ ಅದು ನಿಜವೇ ಅನ್ನಿಸುತ್ತಿತ್ತು.

ವಿಮಲಾ ಪ್ರಸ್ತಾವ ಬರೆದು ಕಳಿಸಿದರು. ಬನಹಟ್ಟಿಗೆ ಫೋನ್ ಮಾಡಿದರೆ ಮಹಾಲಿಂಗ ಎತ್ತುತ್ತಿದ್ದ. "ಆಕಿ ಯಾರ ಜೋಡಿನೂ ಮಾತಾಡವಲ್ಲಳ್ರಿ. ಮಾತ್ರಿ ಕೊಟ್ರ ಮುಖಾ ತಿರುಗಸ್ತಾಳ. ಅವೂ ಮುಗದಾವು ಬಿಡ್ರಿ." ವಿಮಲಾ ಅಂಚೆಯಲ್ಲಿ ಮಾತ್ರೆ ಕಳಿಸಿದರು. ಅವು ಪೊಟ್ಟಣದಲ್ಲೇ ಉಳಿದವೆಂದು ಆಮೇಲೆ ತಿಳಿಯಿತು. ಒಂದು ದಿನ ಮಹಾಲಿಂಗ ತಾನೇ ಫೋನ್ ಮಾಡಿ, "ಬಾಯಾರ, ಈಗ ಆಕಿ ಕುಂತ ನಿದ್ದಿ ಮಾಡ್ತಾಳ್ರಿ" ಎಂದ. ವಿಮಲಾ ಕುರ್ಚಿಯಿಂದ ಎದ್ದರು.

ಕೇಂದ್ರದ ಹಿಂದಿನ ಪ್ರಯೋಗಶಾಲೆಯಲ್ಲಿ ಮೊದಮೊದಲು ಮಾಡಿದ ಪಟ್ಟಿಗಳಿದ್ದವು. ದಪ್ಪಗೆ, ಒರಟಾಗಿದ್ದವು. ಅವಕ್ಕೆ ಮಾತು ಬರುತ್ತಿರಲಿಲ್ಲ. ಯೋಜನೆಗೆ ಸೇರಿರಲಿಲ್ಲವಾದ್ದರಿಂದ ಯಾವ ಕಾನೂನೂ ಅವನ್ನು ನಂದಿಸುವಂತಿರಲಿಲ್ಲ. ಇರ್ಫಾನ್ ಒಂದನ್ನು ಕೆದಕಿ, ಬೆಳಕು ಹೊತ್ತುವಂತೆ ಮಾಡಿ ಕೊಟ್ಟ. "ಇದರ ಅಲಿ ನನ್ನ ಒಂದು ಪರದೆಗೆ ಬರತೈತ್ರಿ ಮೇಡಂ. ಯಾರನ್ನೂ ಕೇಳೂದು ಬ್ಯಾಡ."

ಬನಹಟ್ಟಿಯ ಮನೆ ಹೊಕ್ಕಾಗ ಮಧ್ಯಾಹ್ನವಾಗಿತ್ತು. ಇಷ್ಟು ದಿನ ದನಿಯಾಗಷ್ಟೇ ಗೊತ್ತಿದ್ದ ಮನೆಯೊಳಗೆ ವಿಮಲಾ ಮೊದಲ ಸಲ ಕಾಲಿಟ್ಟರು. ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದ್ದರು. ಜಂತಿಯಲ್ಲಿ ಬರೀ ಕೊಂಡಿಗಳಿದ್ದವು. ದಾನೇಶ್ವರಿ ಹೊರಸಿನ ಮೇಲೆ ಮುಂದಕ್ಕೆ ಬಾಗಿ ಕುಳಿತಿದ್ದಳು. ಮುಖ ಊದಿತ್ತು. ಒಂದೊಂದು ಮಾತಿಗೂ ನಡುವೆ ಉಸಿರು ಹುಡುಕಬೇಕಾಗಿತ್ತು.

ವಿಮಲಾ ಅವಳ ಪಕ್ಕ ಕುಳಿತು ಪಾದ ಒತ್ತಿ ನೋಡಿದರು. ಬೆರಳಿನ ಗುಳಿ ಹಾಗೇ ಉಳಿಯಿತು. "ನನ್ನ ಜೋಡಿ ನಡಿ, ದಾನೇಶ್ವರಿ. ಈಗ್ಲೇ. ಕಾರು ಹೊರಗ ನಿಂತೈತಿ."

"ಯಾಕ್ರಿ?"

"ನಿನ್ನ ಹೃದಯ ಇನ್ನೂ ಹಡದ ಹೆಂಗಸಿನ ಹೃದಯ. ಅದಕ್ಕ ಔಷಧ ಬೇಕು."

ದಾನೇಶ್ವರಿ ಅವರನ್ನು ದಿಟ್ಟಿಸಿದಳು. "ಹಡದ ಹೆಂಗಸೇನ್ರಿ ನಾನು? ನಿಮ್ಮ ಪಟ್ಟಿ ಅಲ್ಲ ಅಂತಲ್ಲ. ಓಣಿ ಹೆಂಗಸರ ಮುಂದ ಹೇಳ್ತ್ರಿ ಅದು. ಹಾಲು ಇನ್ನೂ ಬರ್ತಾವ ಬಾಯಾರ. ಸೀರಿ ತೋಯತೈತಿ. ಮುಗೀತಂತ ಇದಕ್ಕ ಯಾರು ಹೇಳಬೇಕ್ರಿ?"

ವಿಮಲಾ ಚೀಲದಿಂದ ಒರಟು ಪಟ್ಟಿ ತೆಗೆದು, "ಇದು ಮಾತಾಡೂದಿಲ್ಲ," ಎಂದಷ್ಟೇ ಹೇಳಿದರು.

"ಬ್ಯಾಡ್ರಿ. ನೀವು ಹೋಗ್ರಿ. ನಾ ಬರಂಗಿಲ್ಲ."

ಬಾಗಿಲಲ್ಲಿ ನಿಂತಿದ್ದ ನೀಲವ್ವ ಒಳಗೆ ಬಂದಳು. ಸೊಸೆಯ ಎದುರು ನೆಲದ ಮೇಲೆ ಕುಳಿತು, ಅವಳ ಊದಿದ ಎರಡೂ ಪಾದಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ದಾನಿ, ನನಗ ಎಷ್ಟು ಮಕ್ಕಳು ಅಂತ ಯಾರರ ಕೇಳಿದ್ರ ನಾ ಏನಂತೀನಿ?"

ದಾನೇಶ್ವರಿ ತಲೆ ಎತ್ತಿ ಅತ್ತೆಯನ್ನು ನೋಡಿದಳು.

"ಎರಡು ಅಂತೀನಿ. ನೀ ಮದಿವ್ಯಾಗಿ ಬಂದ ಹೊಸದಾಗ ಕೇಳಿದ್ದಿ, ಅತ್ತಿ, ಇನ್ನೊಬ್ಬರು ಎಲ್ಲದಾರ ಅಂತ. ನಾ ಸುಮ್ಮನಾದೆ. ಮಹಾಲಿಂಗನ ಕಿಂತ ಮೊದಲ ಒಬ್ಬಾಕಿ ಹುಟ್ಟಿದ್ಲು. ಒಂದು ಸುಗ್ಗಿ ನೋಡ್ಲಿಲ್ಲ. ಆಕಿ ಹೋದ ಮ್ಯಾಲೆ ಮಂದಿ ಮನ್ಯಾಗ ಕುಂಕುಮ ಕೊಡೂವಾಗ ನನ್ನ ದಾಟಿ ಮುಂದಿನಾಕಿಗೆ ಕೊಡ್ತಿದ್ರು. ಮಹಾಲಿಂಗ ಹುಟ್ಟಿದ, ಮತ್ತ ಕೊಟ್ರು. ಆದ್ರ ನಾ ಎರಡು ಅನ್ನೂದು ಬಿಡಲಿಲ್ಲ. ಒಂದಂದ್ರ ಆಕಿ ಬಂದೇ ಇಲ್ಲ ಅಂದಂಗಾಗತೈತಿ." ನೀಲವ್ವ ಸೊಸೆಯ ಪಾದಗಳನ್ನು ಮೆಲ್ಲಗೆ ನೀವಿದಳು. "ನೀ ಹೋದ್ರ ಇಂಚರ ಅಂತ ಒಂದು ಕೂಸಿತ್ತು ಅನ್ನಾಕ ಯಾರು ಇರ್ತಾರ? ನಾ ಮುದುಕಿ. ಆಂವ ಗಂಡಸು, ಬಾಯಿ ಬಿಡಂಗಿಲ್ಲ. ಹಡದಾಕಿ ನೀನು. ನೀ ಇರಬೇಕವಾ."

ಬಾಗಿಲ ಆಚೆ ಮಹಾಲಿಂಗ ಗೋಡೆಗೆ ಮುಖ ಮಾಡಿ ನಿಂತಿದ್ದ. ಅವ್ವ ಎರಡು ಎನ್ನುವುದನ್ನು ಕೇಳಿದ್ದರೂ, ಆ ಇನ್ನೊಬ್ಬರು ತನ್ನ ಅಕ್ಕನೆಂದು ಅವನಿಗೂ ಆವತ್ತೇ ಗೊತ್ತಾದದ್ದು.

ದಾನೇಶ್ವರಿ ಆಗ ಅತ್ತಳು. ಮಣ್ಣು ಮಾಡಿದ ದಿನದಿಂದ ಅವಳು ಅತ್ತಿರಲಿಲ್ಲವಂತೆ. ಅತ್ತರೆ ಉಸಿರು ಸಾಲುತ್ತಿರಲಿಲ್ಲ, ಉಸಿರಾಡಲು ಹೋದರೆ ಅಳು ಬರುತ್ತಿತ್ತು. ವಿಮಲಾ ಅವಳ ಬೆನ್ನಿಗೆ ಕೈ ಕೊಟ್ಟು ಹಿಡಿದುಕೊಂಡರು. ಕೊನೆಗೆ ಅವಳೇ ತೋಳು ಚಾಚಿದಳು. ಒರಟು ಪಟ್ಟಿಯನ್ನು ಕಟ್ಟಿದವಳು ನೀಲವ್ವ.

ಬಾಗಲಕೋಟೆಯಲ್ಲಿ ಇರ್ಫಾನನ ಪರದೆಯ ಮೇಲೆ ಒಂದು ಅಲೆ ಮೂಡಿತು. ತೀರ ಚಿಕ್ಕದಾಗಿತ್ತು, ನೆಲಕ್ಕೆ ಅಂಟಿಕೊಂಡ ಹಾಗೆ.

ಅವಳನ್ನು ಉಳಿಸಿಕೊಂಡರು. ಆದರೆ ಸುಲಭದಲ್ಲಲ್ಲ, ಪೂರ್ತಿಯಾಗಿಯೂ ಅಲ್ಲ. ಮೊದಲ ಕೆಲವು ದಿನ ಉಸಿರಾಟದ ಯಂತ್ರದ ಮೇಲೆ ಇಡಬೇಕಾಯಿತು. ಮೈಯಲ್ಲಿ ತುಂಬಿದ್ದ ನೀರು ಇಳಿಯಿತು, ಮುಖ ಮೊದಲಿನಂತಾಯಿತು. ಹಿಡಿತ ಮಾತ್ರ ಅರ್ಧಕ್ಕೆ ಬಂದು ನಿಂತಿತು, ಅದರಿಂದಾಚೆ ಏರಲಿಲ್ಲ. ಔಷಧ ನಿಂತುಹೋದ ಆ ವಾರಗಳಲ್ಲಿ ಸ್ನಾಯು ಕಳೆದುಕೊಂಡದ್ದು ತಿರುಗಿ ಬರುವಂಥದ್ದಲ್ಲವೆಂದು ವಿಮಲಾರಿಗೆ ಗೊತ್ತಿತ್ತು. ಮನೆಗೆ ಕಳಿಸುವ ದಿನ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಭಾರ ಎತ್ತುವಂತಿಲ್ಲ, ಕಂಡಿಕೆಯ ಕೆಲಸಕ್ಕೆ ಹೋಗುವಂತಿಲ್ಲ, ಇನ್ನೊಮ್ಮೆ ಬಸುರಾಗುವಂತಿಲ್ಲ.

ಮಹಾಲಿಂಗ ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡ. "ಆಕಿ ಇದ್ರ ಸಾಕ್ರಿ," ಎಂದ.

ದಾನೇಶ್ವರಿ ಹೊರಡುವಾಗ ವಿಮಲಾರ ಕೈ ಹಿಡಿದುಕೊಂಡಳು. "ನೀವು ಬೆಂಗಳೂರಿಗೆ ಸಭಾಕ್ಕ ಹೋಗ್ತೀರಂತಲ್ರಿ. ಅಲ್ಲೆ ಅವರಿಗೆ ಒಂದು ಮಾತು ಕೇಳ್ರಿ. ಕೂಸು ಇಲ್ದಾಕಿ ತಾಯಿ ಅಲ್ಲ ಅಂದ್ರ, ನಾ ಯಾರಿಗೆ ಅಳಾಕತ್ತೀನಿ ಅಂತ ಕೇಳ್ರಿ."

ವಿಮಲಾ ಸಭೆಗೆ ಪರದೆಯ ಅಲೆಗಳನ್ನು ಒಯ್ದಿದ್ದರು. ಕೂಸು ಉಳಿದ ತಾಯಂದಿರ ಹಿಡಿತ, ಕೂಸು ಕಳೆದುಕೊಂಡವರದು ಆ ದಿನದವರೆಗೆ, ಆಮೇಲೆ ಬರಿ ಕಪ್ಪು. ಈ ಕಪ್ಪಿನಲ್ಲಿ ಏನಾಯಿತೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ ಎಂದರು. ಮೇಜಿನ ಸುತ್ತಲಿದ್ದವರು ತಲೆಯಾಡಿಸಿದರು, ಒಬ್ಬರು ಗಡಿಯಾರ ನೋಡಿಕೊಂಡರು. ಆಗ ವಿಮಲಾ ದಾನೇಶ್ವರಿಯ ಮಾತನ್ನು ಅವಳದೇ ಭಾಷೆಯಲ್ಲಿ, ಒಂದಕ್ಷರ ಬದಲಿಸದೆ ಹೇಳಿದರು. ಫೋನಿನಲ್ಲಿ ಮಾತಾಡಿದ್ದ ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಸಭೆಯಲ್ಲಿ ತೀರ್ಮಾನವಾಗಲಿಲ್ಲ. ಮುಂದಿನದರಲ್ಲೂ ಆಗಲಿಲ್ಲ. ಬೇಸಗೆ ಕಳೆದು ಮುಂಗಾರು ಬಂದ ಮೇಲೆ ಕಾನೂನಿನ ಮೊದಲ ಪುಟ ಬದಲಾಯಿತು. ತಾಯಿ ಎಂದರೆ ಹಡೆದವಳು. ಕೂಸು ಇರಲಿ, ಇಲ್ಲದಿರಲಿ, ಅವಳಿಗೆ ಒಂದು ವರ್ಷದ ಕಾವಲು. ಕಾವಲು ನಿಂತುಹೋದವರಿಗೂ ಅದನ್ನು ಮತ್ತೆ ಕೊಡಬೇಕು.

ಆದೇಶ ಬಂದ ದಿನ ಇರ್ಫಾನ್ ಅಳಿಸಿಹೋದವರ ಹೆಸರುಗಳನ್ನು ಹುಡುಕಿ ತೆಗೆದ. ಅವರಿಗೆಲ್ಲ ಫೋನ್ ಮಾಡಬೇಕಿತ್ತು. ದಾನೇಶ್ವರಿ ತಿಂಗಳ ತಪಾಸಣೆಗೆಂದು ಅಂದೇ ಬಂದಿದ್ದಳು, ನೀಲವ್ವ ಜೊತೆಗಿದ್ದಳು. ವಿಮಲಾ ಅವಳನ್ನು ಪರೀಕ್ಷಿಸಿ ಮುಗಿಸುವ ಹೊತ್ತಿಗೆ ಇರ್ಫಾನ್ ಮೊದಲ ಫೋನ್ ಹಚ್ಚಿದ್ದ. ಕೋಣೆಗೆಲ್ಲ ಕೇಳುತ್ತಿತ್ತು. ಆ ಕಡೆ ಎತ್ತಿದವನು ವಯಸ್ಸಾದ ಗಂಡಸು.

"ತಾಯಿ ಕಾವಲು ಕೇಂದ್ರದಿಂದ್ರಿ. ನಿಮ್ಮ ಮಗಳು ಶಶಿರೇಖಾ ಅವರ ಜೋಡಿ ಮಾತಾಡಬೇಕಿತ್ತು."

"ಶಶಿರೇಖಾ ಹೋದ್ಲಪ್ಪಾ," ಎಂದ ಆ ಮನುಷ್ಯ. ದನಿಯಲ್ಲಿ ಸಿಟ್ಟಿರಲಿಲ್ಲ. "ಯುಗಾದಿಗೂ ಮೊದಲ. ಕೂಸಿನ ಚಿಂತ್ಯಾಗ ಸೊರಗಾಕತ್ತಾಳ ಅಂದ್ಕೊಂಡ್ವಿ. ಉಸಿರು ಹತ್ತಿ ಹೋದ್ಲು. ಯಾಕ ಫೋನ್ ಮಾಡೀರಿ?"

ವಿಮಲಾ ಮುಂದೆ ಬಾಗಿ, "ತಪ್ಪಾತ್ರಿ ಯಜಮಾನ್ರ. ಭಾಳ ತಡಾ ಮಾಡಿದ್ವಿ," ಎಂದರು. ಆ ಕಡೆಯವನು, "ಇರ್ಲಿ ಬಿಡ್ರಿ," ಎಂದು ಫೋನ್ ಇಟ್ಟ.

ಇರ್ಫಾನ್ ಎದ್ದು ಹೋಗಿ ನೀರು ಕುಡಿದು ಬಂದ. ಎರಡನೆಯ ಫೋನ್ ಹಚ್ಚಿದ. ಬೀಳಗಿ ಕಡೆಯ ಹೆಣ್ಣುಮಗಳು, ತಾನೇ ಎತ್ತಿದಳು. "ತಾಯಿ ಕಾವಲು ಕೇಂದ್ರದಿಂದ" ಎಂದು ಅವನು ಹೇಳಿದ್ದೇ ತಡ, ಆ ಕಡೆ ಮಾತು ನಿಂತುಹೋಯಿತು. ಎಳೆದೆಳೆದು ಬಿಡುವ ಉಸಿರಷ್ಟೇ ಕೇಳುತ್ತಿತ್ತು. ಆ ಉಸಿರು ಎಂಥದ್ದೆಂದು ಕೋಣೆಯಲ್ಲಿದ್ದ ನಾಲ್ವರಿಗೂ ಗೊತ್ತಾಯಿತು. ಇರ್ಫಾನ್ ಹೊಸ ಕಾನೂನು, ಉಚಿತ ಔಷಧ ಎಂದು ಏನೇನೋ ಹೇಳಿದ. ಅವಳು ಫೋನ್ ಇಡಲೂ ಇಲ್ಲ, ಉತ್ತರಿಸಲೂ ಇಲ್ಲ.

ದಾನೇಶ್ವರಿ ಬೆಂಚಿನಿಂದ ಎದ್ದಳು. ಇರ್ಫಾನನ ಪಕ್ಕಕ್ಕೆ ಬಂದು, ಅವನು ಕೊಟ್ಟ ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಯಕ್ಕಾ, ನಾ ಬನಹಟ್ಟಿಯಾಕಿ. ದಾನೇಶ್ವರಿ ಅಂತ. ನನ್ನ ಮಗಳು ಇಂಚರ, ಐದನೇ ತಿಂಗಳದಾಗ ಇದ್ಲು, ಜ್ವರ ಬಂದು ಹೋದ್ಲು." ಉಸಿರು ತೆಗೆದುಕೊಳ್ಳಲು ನಿಂತಳು. "ನಿಮ್ಮದು ಗಂಡೋ ಹೆಣ್ಣೋ?"

ಸಣ್ಣ ದನಿ ಬಂತು. "ಗಂಡು."

"ಏನಂತ ಹೆಸರಿಟ್ಟಿದ್ರಿ?"

"ಇಟ್ಟಿರಲಿಲ್ರಿ. ತೊಟ್ಲಕ್ಕ ಹಾಕೂದ್ರೊಳಗ ಹೋತು."

"ಮನಸ್ನ್ಯಾಗ ಇಟ್ಟಿದ್ರಿಲ್ಲೋ?"

ವಿಮಲಾ ಪರದೆಗಳ ಕಡೆ ತಿರುಗಿ ನಿಂತರು. ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೀಳಗಿಯ ಆ ಹೆಣ್ಣುಮಗಳು ಅಳತೊಡಗಿದ್ದಳು. ಅಳುವಿನ ನಡುವೆಯೇ, ಯಾರೂ ಈ ತನಕ ಕೇಳದಿದ್ದ ಆ ಮಾತಿಗೆ ಉತ್ತರ ಕೊಟ್ಟಳು.

"ಹೂಂ. ಇಟ್ಟಿದ್ದೆ. ಚಿನ್ಮಯ ಅಂತ."

"ಚಿನ್ಮಯ," ಎಂದಳು ದಾನೇಶ್ವರಿ.